ಯಾರ ಬಾಕಿ?

2025ರ ಮಾರ್ಚ್ 28, ಶುಕ್ರವಾರ. ಭಾನುವಾರ ಯುಗಾದಿ. ಚೆನ್ನೈ ಸೆಂಟ್ರಲ್‌ನಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಮೇಲ್‌ನಲ್ಲಿ ನನಗೆ ಸೈಡ್ ಲೋಯರ್ ಸಿಕ್ಕಿತ್ತು. ಈ ರೈಲು ನಮ್ಮಂಥವರಿಗೆ ಏನು ಎಂದು ನಿಮಗೆ ಹೇಳಬೇಕಿಲ್ಲ. ಹಬ್ಬದ ಹಿಂದಿನ ದಿನಗಳಲ್ಲಿ ಅರ್ಧ ಬೋಗಿ ಕನ್ನಡ ಮಾತಾಡುತ್ತಿರುತ್ತದೆ. ಜೋಲಾರಪೇಟೆ ದಾಟಿತೆಂದರೆ ಊರು ಸಿಕ್ಕಿದಷ್ಟೇ ಸಮಾಧಾನ. ನಿದ್ದೆಗಣ್ಣಿನಲ್ಲಿ ಬಂಗಾರಪೇಟೆಯ ಬೋರ್ಡಿನ ಕನ್ನಡ ಅಕ್ಷರ ನೋಡಿ ಮತ್ತೆ ಮಗ್ಗುಲಾಗುವುದು ಎಷ್ಟೋ ಜನರ ಅಭ್ಯಾಸ.

ಆ ರಾತ್ರಿ ನಾನೂ ಕಣ್ಣು ಮುಚ್ಚದೆ ಕರ್ನಾಟಕ ಬರುವುದನ್ನೇ ಕಾಯುತ್ತಿದ್ದೆ. ಕಾಯುತ್ತಿದ್ದುದು ಊರಿಗಾಗಿ ಅಲ್ಲ, ಇಸ್ಪೀಟಿಗಾಗಿ.

ವಿಷಯ ಹೀಗಿತ್ತು. ಆ ಫೆಬ್ರುವರಿಯಲ್ಲಿ ತಮಿಳುನಾಡು ಹೊಸ ನಿಯಮ ತಂದಿತ್ತು: ಹಣ ಇಟ್ಟು ಆಡುವ ಆನ್‌ಲೈನ್ ಆಟಗಳು ಮಧ್ಯರಾತ್ರಿ ಹನ್ನೆರಡರಿಂದ ಬೆಳಗಿನ ಐದರವರೆಗೆ ಬಂದ್. ನಾನು ಆಡುತ್ತಿದ್ದ ಪೋಕರ್ ಆ್ಯಪ್ ಫೋನ್ ಎಲ್ಲಿದೆ ಎಂದು ನೋಡಿ ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಜೋಲಾರಪೇಟೆ ಬಿಟ್ಟ ರೈಲು ಕುಪ್ಪಂ ಕಡೆ ತಿರುಗಿದರೆ ಆಂಧ್ರ. ಅಲ್ಲಿ 2020ರಿಂದ ಇಂಥ ಆಟ ಪೂರ್ತಿ ನಿಷೇಧ. ಗುಡುಪಲ್ಲಿ, ಬಿಸಾನತ್ತಂ ಕಳೆದು ಕಾಮಸಮುದ್ರ ಬಂದರೆ ಕರ್ನಾಟಕ. ನಮ್ಮ ರಾಜ್ಯವೂ 2021ರಲ್ಲಿ ನಿಷೇಧಿಸಿತ್ತು, ಆದರೆ 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತ್ತು. ಹಾಗಾಗಿ ಕಾಮಸಮುದ್ರದ ನಂತರ ಬಾಗಿಲು ತೆರೆದಿರುತ್ತಿತ್ತು. ಮೂರು ಗಂಟೆಯ ಆಸುಪಾಸು ಬಂಗಾರಪೇಟೆಯ ಕನ್ನಡ ಬೋರ್ಡು ಕಂಡಾಗ ನನ್ನೆದೆ ಜೋರಾಗಿ ಹೊಡೆದುಕೊಂಡಿತು. ಕೃಷ್ಣರಾಜಪುರ ಬರುವಷ್ಟರಲ್ಲಿ ಹನ್ನೊಂದು ಸಾವಿರ ರೂಪಾಯಿ ಕಳೆದಿದ್ದೆ.

ಇದನ್ನು ಬರೆಯಲು ಕಾರಣ ಆ ಹನ್ನೊಂದು ಸಾವಿರವಲ್ಲ. ಸತತವಾಗಿ ಸೋಲುವ ಮನುಷ್ಯನ ತಲೆಯಲ್ಲಿ ಯಾವ ಲೆಕ್ಕ ನಡೆಯುತ್ತದೆ, ಅದರಲ್ಲಿ ತಪ್ಪು ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಲೆಕ್ಕವೇ ನನ್ನ ಕೆಲಸ. ಮಾಧವರಂ ಬಳಿಯ ಒಂದು ದೊಡ್ಡ ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ನೋಡಿಕೊಳ್ಳುತ್ತೇನೆ. ಬಂದ ಮಾಲು, ಹೋದ ಮಾಲು, ಉಳಿದ ಮಾಲು ಮೂರೂ ತಾಳೆಯಾಗದಿದ್ದರೆ ರಾತ್ರಿ ಮನೆಗೆ ಹೋಗುವಂತಿಲ್ಲ.

*

ಮಾಧವರಂ ಚೆನ್ನೈನ ಉತ್ತರದ ತುದಿ. ಆಂಧ್ರದ ಬಸ್ಸುಗಳು ಹೊರಡುವ ನಿಲ್ದಾಣ, ಲಾರಿಗಳ ಸಾಲು, ಹಾಲಿನ ಡೇರಿ, ಪಶುವೈದ್ಯ ವಿಶ್ವವಿದ್ಯಾಲಯ, ರಸ್ತೆ ಅಗೆದು ನಡೆಯುತ್ತಿರುವ ಮೆಟ್ರೊ ಕೆಲಸ. ಇಲ್ಲಿ ಕನ್ನಡ ಕಿವಿಗೆ ಬೀಳುವುದು ಲಾರಿ ಡ್ರೈವರುಗಳು ಫೋನಿನಲ್ಲಿ ಮನೆಯವರ ಜೊತೆ ಮಾತಾಡುವಾಗ. ಮಿಲ್ಕ್ ಕಾಲೊನಿಯ ಹತ್ತಿರ ಒಂಟಿ ಕೋಣೆ. ಎಂಟಕ್ಕೆ ಊಟ ಮುಗಿದರೆ ಹನ್ನೆರಡರವರೆಗಿನ ನಾಲ್ಕು ಗಂಟೆಯನ್ನು ಏನು ಮಾಡುವುದು ಎಂಬುದು ವಲಸೆ ಬಂದ ಪ್ರತಿಯೊಬ್ಬರ ಪ್ರಶ್ನೆ. ಕೆಲವರು ಸರಣಿ ನೋಡುತ್ತಾರೆ, ಕೆಲವರು ಈ ಪತ್ರಿಕೆಗೆ ಬರೆಯುತ್ತಾರೆ. ನಾನು ಪೋಕರ್ ಕಲಿತೆ.

ಕಲಿತೆ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಪೋಕರ್ ನಮ್ಮೂರಿನ ಅಂದರ್ ಬಾಹರ್ ಅಲ್ಲ. ಪ್ರತಿಯೊಬ್ಬರ ಕೈಗೆ ಎರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ, ನಾಲ್ಕು ಸುತ್ತು ಪಣ. ಯಾವಾಗ ಕೈಬಿಡಬೇಕು, ಎದುರಿನವನ ಪಣ ಯಾವ ಎಲೆಯನ್ನು ಹೇಳುತ್ತಿದೆ, ಮಡಕೆಯಲ್ಲಿರುವ ಹಣಕ್ಕೂ ನಾನು ಹಾಕಬೇಕಾದ ಹಣಕ್ಕೂ ಅನುಪಾತವೇನು ಎಂದು ಯೋಚಿಸಬೇಕು. ಪುಸ್ತಕ ಓದಿದೆ, ವಿಡಿಯೊ ನೋಡಿದೆ, ಪ್ರತಿ ಆಟವನ್ನೂ ಎಕ್ಸೆಲ್‌ನಲ್ಲಿ ದಾಖಲಿಸಿದೆ. 2024ರಲ್ಲಿ ಹತ್ತು-ಇಪ್ಪತ್ತರ ಟೇಬಲ್ಲಿನಲ್ಲಿ, ಅಂದರೆ ದೊಡ್ಡ ಬ್ಲೈಂಡ್ ಇಪ್ಪತ್ತು ರೂಪಾಯಿ ಇರುವ ಕಡೆ, ಸುಮಾರು ಅರವತ್ತು ಸಾವಿರ ಕೈ ಆಡಿ 52,000 ರೂಪಾಯಿ ಗೆದ್ದಿದ್ದೆ. ಗೆಳೆಯರು ಜೂಜು ಅಂದರೆ ಕೋಪ ಬರುತ್ತಿತ್ತು. ‘ಇದು ಕೌಶಲ’ ಎನ್ನುತ್ತಿದ್ದೆ.

2025ರ ಜನವರಿ ಎರಡನೇ ವಾರದಿಂದ ಸೋಲು ಶುರುವಾಯಿತು. ಜೋಡಿ ಎಕ್ಕ ಹಿಡಿದು ಜೋಡಿ ರಾಜನ ಎದುರು ಪೂರ್ತಿ ಹಣ ಹಾಕಿದರೆ ಐದನೇ ಎಲೆಯಾಗಿ ಮೂರನೇ ರಾಜ ಬಂದು ಕೂರುತ್ತಿದ್ದ. ಒಂದೇ ವಾರದಲ್ಲಿ ಮೂರು ಸಲ ಹೀಗಾಯಿತು. ಸರಿಯಾಗಿಯೇ ಆಡಿದ್ದೆ, ಆದರೂ ಹಣ ಹೋಗುತ್ತಿತ್ತು. ಫೆಬ್ರುವರಿ ಕಳೆಯುವ ಹೊತ್ತಿಗೆ ಅದೇ ಟೇಬಲ್ಲಿನಲ್ಲಿ ಇಪ್ಪತ್ತು ಸಾವಿರ ಕೈಗಳಲ್ಲಿ 38,000 ರೂಪಾಯಿ ಹೋಗಿತ್ತು.

ಸೋಲುವವನಿಗೆ ಮೊದಲು ಬರುವ ಪ್ರಶ್ನೆ ಒಂದೇ. ಇದು ನನ್ನ ಹಣೆಬರಹವೊ, ನನ್ನ ತಪ್ಪೊ?

*

ಲೆಕ್ಕ ಗೊತ್ತಿರುವುದರಿಂದ ಲೆಕ್ಕ ಹಾಕಿದೆ. ಜೋಡಿ ಎಕ್ಕ ಜೋಡಿ ರಾಜನ ಎದುರು ಗೆಲ್ಲುವುದು ನೂರರಲ್ಲಿ ಸುಮಾರು 82 ಸಲ. ಉಳಿದ 18 ಸಲ ಸೋಲಬೇಕಾದದ್ದೇ. ಮೂರು ಸಲ ಸತತವಾಗಿ ಸೋಲುವುದು ಸಾವಿರದಲ್ಲಿ ಆರು ಸಲದ ಮಾತು. ಅಪರೂಪ, ಆದರೆ ಅಸಾಧ್ಯವಲ್ಲ.

ಇನ್ನೂ ದೊಡ್ಡ ಲೆಕ್ಕವಿದೆ. ಪೋಕರ್‌ನಲ್ಲಿ ನೂರು ಕೈಗೆ ಆಗುವ ಏರಿಳಿತ ಸರಿಸುಮಾರು ತೊಂಬತ್ತು ದೊಡ್ಡ ಬ್ಲೈಂಡಿನಷ್ಟು. ಒಬ್ಬ ಒಳ್ಳೆಯ ಆಟಗಾರನಿಗೆ ನೂರು ಕೈಗೆ ಐದು ದೊಡ್ಡ ಬ್ಲೈಂಡ್ ನಿಜವಾದ ಲಾಭವಿದೆ ಎಂದುಕೊಳ್ಳಿ. ಹತ್ತು ಸಾವಿರ ಕೈ ಆಡಿ ಮುಗಿಸಿದ ಮೇಲೂ ಅವನು ನಷ್ಟದಲ್ಲಿರುವ ಸಾಧ್ಯತೆ ನೂರರಲ್ಲಿ 29. ಒಂದು ಲಕ್ಷ ಕೈ ಆಡಿದರೂ ನೂರರಲ್ಲಿ ನಾಲ್ಕು. ಹಾಗಾದರೆ ನನ್ನ 38,000 ರೂಪಾಯಿ ಬರೀ ದುರದೃಷ್ಟ ಆಗಿರಬಹುದಲ್ಲ? ಆಗಿರಬಹುದು. ಈ ಲೆಕ್ಕ ಸಿಕ್ಕ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಅದೇ ಲೆಕ್ಕವನ್ನು ತಿರುಗಿಸಿ ಹಾಕಲು ಇನ್ನೂ ನಾಲ್ಕು ತಿಂಗಳು ಬೇಕಾಯಿತು. ಗೆಲ್ಲದ, ಸೋಲದ, ಯಾವ ಹೆಚ್ಚುಗಾರಿಕೆಯೂ ಇಲ್ಲದ ಆಟಗಾರ ಅರವತ್ತು ಸಾವಿರ ಕೈ ಆಡಿ ನನ್ನ ಹಾಗೆ 52,000 ರೂಪಾಯಿ ಲಾಭ ತೋರಿಸುವ ಸಾಧ್ಯತೆ ಎಷ್ಟು? ನೂರರಲ್ಲಿ ಹನ್ನೆರಡು. ಎಂಟು ಮಂದಿ ಹಾಗೆ ಆಡಿದರೆ ಒಬ್ಬ. ಆ ಒಬ್ಬ ನಾನೇ ಇರಬಹುದಿತ್ತು. 2024ರ ಡಿಸೆಂಬರಿನಲ್ಲಿ ಈ ಲೆಕ್ಕ ಹಾಕಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಗೆದ್ದಾಗ ಅದು ನನ್ನ ಬುದ್ಧಿ, ಸೋತಾಗ ಅದು ಎಲೆಯ ಆಟ. ಒಂದೇ ಎಕ್ಸೆಲ್ ಹಾಳೆಗೆ ಎರಡು ನ್ಯಾಯ.

ನನಗೆ ಮೊದಲು ಕಂಡ ತಪ್ಪು ಇದು. ಸೋಲಿಗೆ ಅದೃಷ್ಟವನ್ನು ಸಾಕ್ಷಿಗೆ ಕರೆಯುವ ಹಕ್ಕು ಎಲ್ಲರಿಗೂ ಇದೆ. ಆದರೆ ಗೆಲುವಿಗೂ ಅದನ್ನೇ ಕರೆದಿದ್ದವನಿಗೆ ಮಾತ್ರ ಇದೆ. ಪೋಕರ್ ಬಿಟ್ಟು ನೋಡಿದರೂ ಅಷ್ಟೆ. ನಮ್ಮಲ್ಲಿ ಹಲವರು ಒಂದು ಕ್ಯಾಂಪಸ್ ಸಂದರ್ಶನದಲ್ಲಿ ಪಾಸಾಗಿ, ಒಂದು ಪ್ರಾಜೆಕ್ಟ್ ಸಿಕ್ಕಿ, ಸರಿಯಾದ ವರ್ಷದಲ್ಲಿ ಸರಿಯಾದ ಊರಿಗೆ ಬಂದು ನೆಲೆಯಾದವರು. ಅದನ್ನು ಪರಿಶ್ರಮ ಎನ್ನುತ್ತೇವೆ. ಕೆಲಸ ಹೋದಾಗ ಮಾರ್ಕೆಟ್ ಸರಿಯಿಲ್ಲ ಎನ್ನುತ್ತೇವೆ.

ತಮಾಷೆಯೆಂದರೆ, ನನ್ನ ತಲೆಯೊಳಗೆ ನಡೆಯುತ್ತಿದ್ದ ವಾದವೇ ಚೆನ್ನೈನ ಹೈಕೋರ್ಟಿನಲ್ಲೂ ನಡೆದಿತ್ತು. ಆನ್‌ಲೈನ್ ರಮ್ಮಿಯಲ್ಲಿ ಹಣ ಕಳೆದುಕೊಂಡವರ ಆತ್ಮಹತ್ಯೆಗಳ ನಂತರ ತಮಿಳುನಾಡು ಸರ್ಕಾರ 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿಯಿಂದ ವರದಿ ಪಡೆದು ಕಾನೂನು ತಂದಿತು. ರಮ್ಮಿ, ಪೋಕರ್ ಎರಡನ್ನೂ ಅದೃಷ್ಟದ ಆಟಗಳ ಪಟ್ಟಿಗೆ ಸೇರಿಸಿತು. 2023ರ ನವೆಂಬರಿನಲ್ಲಿ ಮದರಾಸು ಹೈಕೋರ್ಟ್ ಕಾನೂನನ್ನು ಉಳಿಸಿ, ಆ ಎರಡು ಆಟಗಳನ್ನು ಪಟ್ಟಿಯಿಂದ ತೆಗೆಯಿತು. ಅವು ಕೌಶಲದ ಆಟಗಳು ಎಂದಿತು. ರಮ್ಮಿಯ ಬಗ್ಗೆ ಸುಪ್ರೀಂ ಕೋರ್ಟ್ 1967ರಷ್ಟು ಹಿಂದೆಯೇ ಇದನ್ನು ಹೇಳಿತ್ತು. ಆಮೇಲೆ ಬಂದದ್ದೇ 2025ರ ಮಧ್ಯರಾತ್ರಿಯ ನಿಯಮ. ಅದೇ ಹೈಕೋರ್ಟ್ ಜೂನಿನಲ್ಲಿ ಅದನ್ನು ಎತ್ತಿಹಿಡಿಯಿತು. ಕೌಶಲದ ಆಟವೇ ಆದರೂ ಆಡುವವನಿಗೆ ಕೇಡಾಗಬಹುದು, ಅದನ್ನು ತಡೆಯುವುದು ಸರ್ಕಾರದ ಕೆಲಸ ಎಂಬುದು ಅದರ ತಾತ್ಪರ್ಯ.

ನನಗೆ ಈಗ ಅನ್ನಿಸುವುದು: ಎರಡೂ ನಿಜ. ಲಕ್ಷ ಕೈಗಳ ಅಳತೆಯಲ್ಲಿ ಪೋಕರ್ ಕೌಶಲ, ಒಂದು ರಾತ್ರಿಯ ಅಳತೆಯಲ್ಲಿ ಅದೃಷ್ಟ. ಮನುಷ್ಯ ಬದುಕುವುದು ಮಾತ್ರ ರಾತ್ರಿಗಳ ಅಳತೆಯಲ್ಲಿ. ‘ಹಣೆಬರಹವೊ, ತಪ್ಪೊ’ ಎಂಬ ನನ್ನ ಪ್ರಶ್ನೆಗೆ ಸೋಲಿನ ನಡುವೆ ಕೂತು ಉತ್ತರ ಸಿಗುವುದೇ ಇಲ್ಲ. ಉತ್ತರ ಸಿಗುವಷ್ಟು ಕೈ ಆಡುವುದರೊಳಗೆ ಕೈ ಖಾಲಿಯಾಗಿರುತ್ತದೆ.

*

ಹಾಗಾದರೆ ಏನು ಮಾಡಬೇಕಿತ್ತು? 38,000 ರೂಪಾಯಿಗೆ ನಿಲ್ಲಿಸಬಹುದಿತ್ತು. ಚಿಕ್ಕ ಟೇಬಲ್ಲಿಗೆ ಇಳಿಯಬಹುದಿತ್ತು. ಪೋಕರ್ ಪುಸ್ತಕಗಳೆಲ್ಲ ಹೇಳುವುದು ಇದನ್ನೇ, ನನಗೆ ಗೊತ್ತೂ ಇತ್ತು. ನಾನು ಮಾಡಿದ್ದು ಬೇರೆ. ಮಾರ್ಚ್ ಮೊದಲ ವಾರದಲ್ಲಿ ಹತ್ತು-ಇಪ್ಪತ್ತರಿಂದ ಐವತ್ತು-ನೂರರ ಟೇಬಲ್ಲಿಗೆ ಹತ್ತಿದೆ. ಅಲ್ಲಿ ಎರಡು ಒಳ್ಳೆಯ ರಾತ್ರಿ ಸಿಕ್ಕರೆ ಕಳೆದದ್ದೆಲ್ಲ ವಾಪಸ್. ಅದಕ್ಕಾಗಿಯೇ ಹನ್ನೆರಡಕ್ಕೆ ಆ್ಯಪ್ ಮುಚ್ಚಿದರೆ ಐದಕ್ಕೆ ಅಲಾರಂ ಇಟ್ಟು ಏಳುತ್ತಿದ್ದೆ. ಅದಕ್ಕಾಗಿಯೇ ಬಂಗಾರಪೇಟೆಯನ್ನು ಕಾದೆ.

ಜೂನಿನಲ್ಲಿ ಗೋದಾಮಿನ ಲೆಕ್ಕ ತಾಳೆ ಮಾಡುವ ಹಾಗೆ ನನ್ನ ಲೆಕ್ಕವನ್ನೂ ತಾಳೆ ಮಾಡಿದೆ. ಒಟ್ಟು ನಷ್ಟ 2,60,000. ಅದನ್ನು ಎರಡು ಕಾಲಂ ಮಾಡಿ ಬರೆದೆ. ಎಲೆಗಳು ಕಳೆದದ್ದು: 38,000. ‘ವಾಪಸ್ ಪಡೆಯಬೇಕು’ ಎಂಬ ಆಸೆ ಕಳೆದದ್ದು: 2,22,000.

ಮೊದಲನೇ ಕಾಲಂ ಬಗ್ಗೆ ನನಗೆ ಇವತ್ತಿಗೂ ಖಾತ್ರಿಯಿಲ್ಲ, ದುರದೃಷ್ಟವೇ ಇರಬಹುದು. ಎರಡನೇ ಕಾಲಂ ಬಗ್ಗೆ ಯಾವ ಅನುಮಾನವೂ ಇಲ್ಲ. ಪೋಕರ್‌ನಲ್ಲಿ ಈ ಸ್ಥಿತಿಗೆ ಟಿಲ್ಟ್ ಎನ್ನುತ್ತಾರೆ. ಪಿನ್‌ಬಾಲ್ ಯಂತ್ರವನ್ನು ಸಿಟ್ಟಿನಿಂದ ಅಲುಗಾಡಿಸಿದರೆ ಅದು ಆಟ ನಿಲ್ಲಿಸಿ ತೋರಿಸುತ್ತಿದ್ದ ಪದ ಅದು. ನನ್ನ ಟಿಲ್ಟ್‌ನಲ್ಲಿ ಕೂಗಾಟ ಇರಲಿಲ್ಲ. ಬಹಳ ಶಾಂತವಾಗಿ, ಲೆಕ್ಕ ಹಾಕಿಕೊಂಡು ಸೋಲುತ್ತಿದ್ದೆ.

ಆ ಶಾಂತಿಯ ಬುಡದಲ್ಲಿ ಒಂದು ಪದವಿತ್ತು: ಬಾಕಿ. ಆಟ ನನಗೆ 38,000 ರೂಪಾಯಿ ಬಾಕಿ ಇಟ್ಟುಕೊಂಡಿದೆ, ಕೊಡಲೇಬೇಕು ಎಂದು ನಂಬಿದ್ದೆ. ಇಷ್ಟು ಸೋತವನಿಗೆ ಮುಂದಿನದು ಬರಲೇಬೇಕು. ಆದರೆ ಎಲೆಗಳಿಗೆ ನೆನಪಿಲ್ಲ. ಪ್ರತಿ ಕೈಗೂ ಐವತ್ತೆರಡು ಎಲೆ ಹೊಸದಾಗಿ ಕಲೆಸಿ ಬರುತ್ತದೆ. ನಿನ್ನೆಯ ಲೆಕ್ಕ ಇರುವುದು ಆಡುವವನ ತಲೆಯಲ್ಲಿ ಮಾತ್ರ. ಸೋಲಿನ ಸರಣಿ ಎಂದು ನಾವು ಕರೆಯುವುದರಲ್ಲಿ ಸರಣಿ ಎಂಬುದು ನಾವು ಕಟ್ಟಿದ್ದು. ಎಲೆಗಳ ಪಾಲಿಗೆ ಇರುವುದು ಬಿಡಿಬಿಡಿ ಕೈಗಳು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಆಟ ಬಾಕಿ ತೀರಿಸಬೇಕು ಎಂದರೆ ಯಾರು ತೀರಿಸಬೇಕು? ಆ್ಯಪ್ ತನ್ನ ಜೇಬಿನಿಂದ ಒಂದು ಪೈಸೆಯನ್ನೂ ಕೊಡುವುದಿಲ್ಲ. ಅದು ಪ್ರತಿ ಮಡಕೆಯಿಂದ ತನ್ನ ಕಮಿಷನ್ ತೆಗೆದುಕೊಂಡು ಸುಮ್ಮನಿರುತ್ತದೆ. ನನಗೆ ಬರಬೇಕಾದ ಹಣ ಬರಬೇಕಾದದ್ದು ಟೇಬಲ್ಲಿನ ಇನ್ನೊಬ್ಬನಿಂದ. ಪೋಕರ್‌ನಲ್ಲಿ ಕೆಟ್ಟದಾಗಿ ಆಡುವವರನ್ನು ಮೀನು ಎನ್ನುತ್ತಾರೆ. ಆ್ಯಪ್‌ನಲ್ಲಿ ಅಂಥವರ ಹೆಸರಿಗೆ ಬಣ್ಣದ ಗುರುತು ಹಾಕಿಕೊಳ್ಳಬಹುದಿತ್ತು. ನಾನು ಹಳದಿ ಹಾಕುತ್ತಿದ್ದೆ. ರಾತ್ರಿ ಲಾಗಿನ್ ಆದಕೂಡಲೆ ಹಳದಿ ಎಲ್ಲಿದೆ ಎಂದು ಹುಡುಕಿ ಅವನ ಪಕ್ಕ ಕೂರುತ್ತಿದ್ದೆ. ಅವರಲ್ಲೊಬ್ಬ ತಿಂಗಳ ಮೊದಲ ವಾರದಲ್ಲಿ ಮಾತ್ರ ಬರುತ್ತಿದ್ದ. ಸೋತಷ್ಟೂ ಪಣ ಏರಿಸುತ್ತಿದ್ದ. ಸಂಬಳದ ಹಣ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ‘ಅವನ ಇಷ್ಟ, ಅವನ ಹಣ’ ಎಂದುಕೊಂಡು ತೆಗೆದುಕೊಂಡೆ.

ಏಪ್ರಿಲ್‌ನ ಒಂದು ರಾತ್ರಿ ಐವತ್ತು-ನೂರರ ಟೇಬಲ್ಲಿನಲ್ಲಿ ಗಮನಿಸಿದೆ: ನಾನು ಕೂತಕೂಡಲೆ ಇಬ್ಬರು ಬಂದು ಕೂರುತ್ತಿದ್ದರು, ನಾನು ಎದ್ದರೆ ಅವರೂ ಏಳುತ್ತಿದ್ದರು. ಯಾರದೋ ಫೋನಿನಲ್ಲಿ ನನ್ನ ಹೆಸರಿಗೆ ಹಳದಿ ಬಿದ್ದಿತ್ತು.

*

ಮೇ ತಿಂಗಳಲ್ಲಿ ಅಪ್ಪನ ಫೋನ್ ಬಂತು. ನಮ್ಮದು ತಿಪಟೂರಿನ ಕಡೆ. ಮೂರು ಎಕರೆ ತೆಂಗು, ಒಂದು ಬೋರ್‌ವೆಲ್. ಮೋಟಾರು ಸುಟ್ಟುಹೋಗಿದೆ, ಮೇಲೆತ್ತಿಸಿ ರಿವೈಂಡಿಂಗ್ ಮಾಡಿಸಬೇಕು, ಕೇಬಲ್ ಬದಲಿಸಬೇಕು, ನಲವತ್ತು ಸಾವಿರ ಆಗುತ್ತದಂತೆ ಎಂದರು. ಕೇಳುವಾಗ ಸಂಕೋಚ ಪಟ್ಟರು. ‘ಸಂಬಳ ತಡವಾಗಿದೆ ಅಪ್ಪಾ, ಈಗ ಹದಿನೈದು ಕಳಿಸ್ತೀನಿ, ಉಳಿದದ್ದು ಮುಂದಿನ ತಿಂಗಳು’ ಎಂದೆ. ಸಂಬಳ ಬಂದು ನಾಲ್ಕು ದಿನವಾಗಿತ್ತು. ಉಳಿದ ಇಪ್ಪತ್ತೈದು ಸಾವಿರ ನನಗೆ ಟೇಬಲ್ಲಿಗೆ ಬೇಕಿತ್ತು. ‘ಗೆದ್ದು ಐವತ್ತು ಕಳಿಸ್ತೀನಿ’ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ರಾತ್ರಿಯಲ್ಲಿ ಅದೂ ಹೋಯಿತು. ಅಪ್ಪ ಮೂರು ವಾರ ಪಕ್ಕದ ತೋಟದವರಿಂದ ನೀರು ಕೇಳಿ ಹಾಯಿಸಿದರೆಂದು ಅಮ್ಮ ಆಮೇಲೆ ಹೇಳಿದಳು.

ನಾವೆಲ್ಲ ಧರ್ಮರಾಯನ ಜೂಜಿನ ಕತೆ ಕೇಳಿಯೇ ಬೆಳೆದವರು. ಮೊದಲ ಸಲ ಎಲ್ಲ ಸೋತ ಮೇಲೆ, ದ್ರೌಪದಿಗೆ ಕೊಟ್ಟ ವರದಿಂದಾಗಿ ಧೃತರಾಷ್ಟ್ರ ರಾಜ್ಯವನ್ನೂ ಸಂಪತ್ತನ್ನೂ ಹಿಂದಿರುಗಿಸಿಬಿಡುತ್ತಾನೆ. ಪ್ರತಿ ಜೂಜುಗಾರ ಕನಸು ಕಾಣುವುದು ಇದನ್ನೇ: ಕಳೆದದ್ದೆಲ್ಲ ವಾಪಸ್, ಲೆಕ್ಕ ಚುಕ್ತಾ. ಧರ್ಮರಾಯನಿಗೆ ಅದು ನಿಜವಾಗಿ ಸಿಕ್ಕಿತು. ಊರು ಮುಟ್ಟುವ ಮೊದಲೇ ಮತ್ತೆ ಕರೆ ಬಂತು, ಮತ್ತೆ ಹೋಗಿ ಕೂತ. ವನವಾಸ ಬಂದದ್ದು ಈ ಎರಡನೇ ಆಟದಿಂದ. ಚಿಕ್ಕಂದಿನಲ್ಲಿ ಇದು ನನಗೆ ಕತೆಯ ದೋಷ ಅನ್ನಿಸುತ್ತಿತ್ತು. ಅಷ್ಟು ದಡ್ಡ ಯಾರಿರುತ್ತಾರೆ ಎಂದುಕೊಳ್ಳುತ್ತಿದ್ದೆ. ಈಗ ಅದು ಆ ಕತೆಯ ಅತ್ಯಂತ ನಿಜವಾದ ಭಾಗ ಅನ್ನಿಸುತ್ತದೆ. ವಾಪಸ್ ಬಂದರೆ ನಿಲ್ಲಿಸುತ್ತೇನೆ ಎನ್ನುವವನು ವಾಪಸ್ ಬಂದರೂ ನಿಲ್ಲಿಸುವುದಿಲ್ಲ.

ಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆಯೂ ಇದೆ: ಧರ್ಮರಾಯ ಮೊದಲು ಸೋತದ್ದು ತನ್ನನ್ನೊ, ನನ್ನನ್ನೊ? ಅಲ್ಲಿದ್ದ ಹಿರಿಯರು ಅದನ್ನು ನ್ಯಾಯದ ತೊಡಕಿನ ಪ್ರಶ್ನೆಯಾಗಿ ತೆಗೆದುಕೊಂಡರು. ಆದರೆ ಅವಳು ಕೇಳುತ್ತಿದ್ದುದು ಸರಳ. ನಿನ್ನದಲ್ಲದ್ದನ್ನು ಪಣಕ್ಕಿಡಲು ನೀನು ಯಾರು? ಸಂಬಳ ನನ್ನದು, ನಾನು ದುಡಿದದ್ದು, ಕಾನೂನಿನ ಪ್ರಕಾರ ಪೂರ್ತಿ ನನ್ನದು. ಆದರೂ ಅಪ್ಪ ಫೋನಿನಲ್ಲಿ ಮೋಟಾರು ಎಂದ ಕ್ಷಣದಿಂದ ಆ ಇಪ್ಪತ್ತೈದು ಸಾವಿರ ನನ್ನದಾಗಿರಲಿಲ್ಲ. ಆಟ ನನಗೆ ಬಾಕಿ ಎಂದು ತಿಂಗಳುಗಟ್ಟಲೆ ವಸೂಲಿಗೆ ನಿಂತಿದ್ದವನು ನಿಜಕ್ಕೂ ಸಾಲಗಾರನಾಗಿದ್ದೆ. ಸಾಲ ಕೊಟ್ಟವರು ಬೇರೆ ಕಡೆ ಇದ್ದರು, ಅವರು ಕೇಳುತ್ತಿರಲಿಲ್ಲ ಅಷ್ಟೆ.

ವನವಾಸದಲ್ಲಿ ಬೃಹದಶ್ವ ಋಷಿ ಧರ್ಮರಾಯನಿಗೆ ನಳನ ಕತೆ ಹೇಳುತ್ತಾನೆ. ಋತುಪರ್ಣ ರಾಜ ದಾರಿಯ ತಾರೆ ಮರವನ್ನು ನೋಡಿ ಅದರ ಎಲೆ, ಕಾಯಿ ಎಷ್ಟೆಂದು ಹೇಳಿಬಿಡುತ್ತಾನೆ. ನಳ ನಂಬದೆ ರಥದಿಂದ ಇಳಿದು ಎಣಿಸುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ತನ್ನ ಅಶ್ವವಿದ್ಯೆ ಕೊಟ್ಟು ಆ ಎಣಿಕೆಯ, ದಾಳದ ಗುಟ್ಟಿನ ವಿದ್ಯೆ ಪಡೆಯುತ್ತಾನೆ. ಆಗ ಅವನ ಮೈಯೊಳಗಿದ್ದ ಕಲಿ ಹೊರಬೀಳುತ್ತಾನೆ. ಅದೇ ವಿದ್ಯೆಯನ್ನು ಋಷಿ ಧರ್ಮರಾಯನಿಗೂ ಕಲಿಸುತ್ತಾನೆ. ಮುಂದೆ ಅವನು ವಿರಾಟನ ಅರಮನೆಯಲ್ಲಿ ಕಂಕನಾಗಿ ರಾಜನ ಜೊತೆ ದಾಳ ಆಡಿಕೊಂಡಿರುತ್ತಾನೆ. ನನಗೆ ಮುಖ್ಯವಾಗಿ ಕಾಣುವುದು ಇದು: ಆಟದ ಗುಟ್ಟು ತಿಳಿದ ಮೇಲೂ ಅವನು ಶಕುನಿಯನ್ನು ಮೂರನೇ ಆಟಕ್ಕೆ ಕರೆಯಲಿಲ್ಲ. ದಾಳದಲ್ಲಿ ಹೋದದ್ದನ್ನು ದಾಳದಲ್ಲೇ ತರುತ್ತೇನೆ ಎನ್ನಲಿಲ್ಲ.

*

ಜೂನಿನಲ್ಲಿ ಎರಡು ಕಾಲಂ ಬರೆದ ವಾರವೇ ಊರಿಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಅಟ್ಟದ ಕೆಳಗೆ ಕೂತಿದ್ದೆವು. ನಮ್ಮಲ್ಲಿ ಉಂಡೆ ಕೊಬ್ಬರಿಗೆ ತೆಂಗಿನಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಲು ಬಿಡುತ್ತಾರೆ. 2023ರಲ್ಲಿ ಕೊಬ್ಬರಿ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದು ತಿಪಟೂರಿನಲ್ಲಿ ರೈತರು ಧರಣಿ ಕೂತಿದ್ದರು. ಕಾದು ಕಾದು ಅಪ್ಪ 2024ರಲ್ಲಿ ಮಾರಿದರು. 2025ರಲ್ಲಿ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಮಾರಲು ಅಟ್ಟದಲ್ಲಿ ಹೆಚ್ಚೇನೂ ಇರಲಿಲ್ಲ.

ನಾನು ಒಂದು ವಾದವನ್ನೂ ಸಿದ್ಧ ಮಾಡಿಕೊಂಡಿದ್ದೆ. ಬೇಸಾಯವೂ ಜೂಜೇ ಅಲ್ಲವೇ, ಮಳೆಯೂ ಬೆಲೆಯೂ ನಮ್ಮ ಕೈಯಲ್ಲಿಲ್ಲ, ನೀವೂ ಸೋತಿದ್ದೀರಿ ಎಂದೆ. ಅಪ್ಪ ಸಿಟ್ಟಾಗಲಿಲ್ಲ.

‘ಸೋತಿದೀನಿ ಕಣಪ್ಪ. ಆದ್ರೆ ನಾನು ಗೆದ್ದ ವರ್ಷ ಪಕ್ಕದ ತೋಟದೋನು ಸೋಲಬೇಕು ಅಂತೇನೂ ಇರಲಿಲ್ಲವಲ್ಲ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಬೆಲೆ ಬಿದ್ದಾಗ ಎಕರೆಗೆ ಇನ್ನಷ್ಟು ಸಾಲ ಎತ್ತಿ ಸಸಿ ಹಾಕಿದ್ರೆ ತೋಟವೇ ಇರ್ತಿರಲಿಲ್ಲ. ಹೋದದ್ದು ಹೋಯ್ತು ಅಂತ ಇರೋ ಮರಕ್ಕೆ ನೀರು ಬಿಟ್ಕೊಂಡು ಬಂದೆ’ ಅಂದರು. ಆಮೇಲೆ ಕೇಳಿದ್ದು ಒಂದೇ: ‘ಸಂಬಳ ತಡ ಆಗಿದೆ ಅಂದ್ಯಲ್ಲ, ಅದು?’

‘ಸುಳ್ಳು ಅಪ್ಪಾ.’

ಅಪ್ಪ ಎದ್ದು ತೋಟಕ್ಕೆ ಹೋದರು. ಆ ದಿನ ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ಎರಡೂವರೆ ಲಕ್ಷ ಕಳೆದದ್ದನ್ನು ಅವರು ಅರಗಿಸಿಕೊಂಡರು. ಆ ಒಂದು ಸುಳ್ಳನ್ನು ಇನ್ನೂ ಅರಗಿಸಿಕೊಂಡಿಲ್ಲ ಎಂದು ನನಗೆ ಗೊತ್ತು.

ಯುಗಾದಿಯ ಮಾತು ಅರ್ಧಕ್ಕೆ ಬಿಟ್ಟಿದ್ದೆ. ಆ ಮಾರ್ಚ್‌ನಲ್ಲೂ ನಮ್ಮೂರ ಅರಳಿಕಟ್ಟೆಯ ಮೇಲೆ ಎಂದಿನ ಹಾಗೆ ಇಸ್ಪೀಟು ನಡೆದಿತ್ತು. ಇಡೀ ವರ್ಷ ಎಲೆ ಮುಟ್ಟದವರೂ ಹಬ್ಬಕ್ಕೆ ನಾಲ್ಕು ಕಾಸು ಕಟ್ಟುತ್ತಾರೆ. ಅಲ್ಲಿಯೂ ಜನ ಸೋಲುತ್ತಾರೆ, ಜಗಳವೂ ಆಗುತ್ತದೆ, ಅದನ್ನು ಪುಣ್ಯದ ಕೆಲಸವೆಂದು ನಾನು ಹೇಳಲಾರೆ. ಆದರೆ ಪದೇ ಪದೇ ಸೋಲುತ್ತಿದ್ದ ಹುಡುಗನೊಬ್ಬನಿಗೆ ಅವನ ದೊಡ್ಡಪ್ಪ ‘ಸಾಕು ಏಳೋ, ಹೋಗಿ ಊಟ ಮಾಡು’ ಎಂದು ತೋಳು ಹಿಡಿದು ಎಬ್ಬಿಸಿದ್ದನ್ನು ನೋಡಿದ್ದೆ. ಅವನು ಗೊಣಗಿಕೊಂಡು ಹೋದ. ಮಾಧವರಂನ ಕೋಣೆಯಲ್ಲಿ ನನಗೆ ಇಲ್ಲದಿದ್ದುದು ಅದು. ಗಂಟೆ ಮೀರಿ ಆಡಿದರೆ ಪರದೆಯ ಮೇಲೆ ಎಚ್ಚರಿಕೆಯ ಪಟ್ಟಿ ಮೂಡುತ್ತಿತ್ತು. ಅದನ್ನು ಬೆರಳಿನಿಂದ ಒರೆಸಿ ಮುಂದೆ ಹೋಗುತ್ತಿದ್ದೆ. ದೊಡ್ಡಪ್ಪನನ್ನು ಹಾಗೆ ಒರೆಸಲಾಗುವುದಿಲ್ಲ.

*

2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾನೂನು ಪಾಸು ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲವಿರಲಿ ಅದೃಷ್ಟವಿರಲಿ, ದೇಶದಾದ್ಯಂತ ನಿಷೇಧಿಸುವ ಕಾನೂನು ಅದು. ಶಿಕ್ಷೆ ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ, ಆಡುವವರಿಗಲ್ಲ. ಕೆಲವೇ ದಿನಗಳಲ್ಲಿ ಟೇಬಲ್ಲುಗಳು ಮುಚ್ಚಿದವು. ನನ್ನ ಖಾತೆಯಲ್ಲಿ ಉಳಿದಿದ್ದ 4,310 ರೂಪಾಯಿ ಬ್ಯಾಂಕಿಗೆ ವಾಪಸ್ ಬಂತು.

ಆಡುವುದನ್ನು ಜೂನಿನಲ್ಲೇ ಬಿಟ್ಟಿದ್ದ ನನಗೆ ಖುಷಿಯಾಗಬೇಕಿತ್ತು. ಸಣ್ಣ ಬೇಜಾರಾಯಿತು. ಹತ್ತು ವಾರ ನಾನಾಗಿಯೇ ದೂರ ಇದ್ದೆ ಎಂಬುದಕ್ಕೆ ಇನ್ನು ಯಾವ ಬೆಲೆ, ಈಗ ಎಲ್ಲರೂ ದೂರ ಇರಲೇಬೇಕಲ್ಲ ಅನ್ನಿಸಿತು. ಬಿಟ್ಟದ್ದಕ್ಕೂ ಬಾಕಿ ಕೇಳುವ ಮನಸ್ಸು ನೋಡಿ! ಆ ಬೇಜಾರು ಹೆಚ್ಚು ದಿನ ಉಳಿಯಲಿಲ್ಲ, ಏಕೆಂದರೆ ವಿದೇಶದ ಆ್ಯಪ್‌ಗಳ ಲಿಂಕುಗಳು ಫೋನಿಗೆ ಬರತೊಡಗಿದವು. ಬಾಗಿಲು ಯಾವುದೋ ಕಡೆಯಿಂದ ತೆರೆದೇ ಇದೆ. ಕಾಯ್ದೆ ಅದನ್ನು ಕಿರಿದು ಮಾಡಬಹುದು, ಮಾಡಿದೆ, ಅದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ರಾತ್ರಿ ಎಂಟರಿಂದ ಹನ್ನೆರಡರವರೆಗಿನ ಆ ನಾಲ್ಕು ಗಂಟೆ ನನ್ನದಾಗಿಯೇ ಉಳಿದಿದೆ.

ಸೋಲನ್ನು ತಾಳಿಕೊಳ್ಳುವುದೆಂದರೆ ಗಟ್ಟಿ ಮನಸ್ಸಿನಿಂದ ಗೆಲುವಿನವರೆಗೆ ಕಾಯುವುದು ಎಂದು ಮೊದಲು ನಂಬಿದ್ದೆ. ಪೋಕರ್ ವಿಡಿಯೊಗಳಲ್ಲಿ ಹೇಳುವುದೂ ಅದನ್ನೇ. ಈಗ ನನಗೆ ಅದು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲನ್ನು ‘ಬರುವುದಿಲ್ಲ’ ಎಂದು ಬರೆದು ಮುಚ್ಚುವುದು. ಗೋದಾಮಿನಲ್ಲಿ ಒಡೆದ ಮಾಲನ್ನು ಹಾಗೆಯೇ ಬರೆಯುತ್ತೇವೆ. ಅದನ್ನು ಉಳಿದ ಮಾಲಿನಲ್ಲಿ ಸೇರಿಸಿ ತೋರಿಸುತ್ತ ಹೋದವನು ಒಂದು ದಿನ ಇಡೀ ಗೋದಾಮಿಗೆ ಉತ್ತರ ಹೇಳಬೇಕಾಗುತ್ತದೆ. ಹಾಗೆ ಬರೆಯಲು ಇನ್ನೊಬ್ಬರ ಕಣ್ಣು ಬೇಕು. ಮನೆಯವರಿಗೆ ಹೇಳಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಗಲು ರಾತ್ರಿ ಯಾರಾದರೂ ಫೋನ್ ಎತ್ತುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಚಟಗಳಿಗೆಂದೇ ಕ್ಲಿನಿಕ್ ಇದೆ. ಇದನ್ನು ಓದುವವರಲ್ಲಿ ಒಬ್ಬರಿಗಾದರೂ ಬೇಕಾಗಬಹುದು ಎಂದು ಹೇಳುತ್ತಿದ್ದೇನೆ.

ಮೋಟಾರಿನ ಇಪ್ಪತ್ತೈದು ಸಾವಿರವನ್ನು ಜುಲೈ ಸಂಬಳದಲ್ಲಿ ಕಳಿಸಿದೆ. ಅಷ್ಟರಲ್ಲಿ ಅಪ್ಪ ಕೈಸಾಲ ಮಾಡಿ ರಿಪೇರಿ ಮಾಡಿಸಿ ಆಗಿತ್ತು, ನನ್ನ ಹಣ ಆ ಸಾಲಕ್ಕೆ ಹೋಯಿತು. ದೀಪಾವಳಿಗೆ ಅದೇ ರಾತ್ರಿ ಮೇಲ್‌ನಲ್ಲಿ ಊರಿಗೆ ಹೊರಟೆ. ಫೋನನ್ನು ಚೀಲದಲ್ಲಿಟ್ಟು ಮಲಗಿದ್ದೆ. ಕುಪ್ಪಂ ಬಂದಾಗ ಎಚ್ಚರವಾಯಿತು, ಅಭ್ಯಾಸಬಲ. ಎದ್ದು ಕಿಟಕಿಯ ಹತ್ತಿರ ಕೂತೆ. ಬಂಗಾರಪೇಟೆಯ ಬೋರ್ಡು ಬಂತು. ಎದುರಿನ ಬರ್ತಿನ ಅಜ್ಜಿಯೊಬ್ಬರು ಕಣ್ಣು ಬಿಟ್ಟು, ‘ಯಾವೂರು ಬಂತಪ್ಪಾ?’ ಎಂದು ಕೇಳಿದರು. ಹೇಳಿದೆ. ‘ಹಂಗಾದ್ರೆ ಇನ್ನೂ ಟೈಮೈತೆ, ಮಲಕ್ಕೊ’ ಎಂದು ಮಗ್ಗುಲಾದರು.